ಕೀಲಿಕೈ ಯಾರ ಬಳಿ ಇದೆ ಎಂದು ಈಗಲೇ ಕೇಳಿ

ಹೊಯ್ಸಳ ದೇಗುಲಗಳು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅವನ್ನು ನೋಡಬರುವವರನ್ನೇ ನಂಬಿದ ಹಾಸನ ಜಿಲ್ಲೆಯ ಬೇಲೂರು, ಹಳೇಬೀಡಿನ ಗೈಡು, ಹೋಮ್‌ಸ್ಟೇ ನಡೆಸುವ ಮನೆಯವರು, ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಳಿದವರನ್ನು ಕರೆದೊಯ್ಯುವ ಟ್ಯಾಕ್ಸಿಯವರು, ಇವರೆಲ್ಲರ ಒಳ್ಳೆಯ ಹೆಸರು ಇವತ್ತು ಯಾವುದೋ ಆಪ್‌ನಲ್ಲಿ ಸ್ಟಾರು, ರಿವ್ಯೂಗಳಾಗಿ ಕೂತಿದೆ. ಬೇರೆ ಆಪ್‌ಗೆ ಹೋದರೆ ಮತ್ತೆ ಸೊನ್ನೆಯಿಂದ ಶುರು. ಆಪೇ ಮುಚ್ಚಿದರೆ? 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ, ಕನ್ನಡದಲ್ಲೇ ಮೊದಲು ಮಾತಾಡಿದ ಬೆಂಗಳೂರಿನ ‘ಕೂ’ 2024ರ ಜುಲೈನಲ್ಲಿ ಬಾಗಿಲು ಹಾಕಿದಾಗ ಏನಾಯಿತೆಂದು ಕಂಡಿದ್ದೇವೆ. ಕಟ್ಟಿಕೊಂಡ ಬಳಗ ಅಲ್ಲೇ ಕರಗಿತು.

ಇದಕ್ಕೆ ಮದ್ದೆಂದು ಈಗ ಒಂದು ಮಾತು ಬಂದಿದೆ: ಒಂದೇ ಗುರುತು, ಹಲವು ಆಪ್‌ಗಳು. ಯಾವ ಕಂಪನಿಗೂ ಸೇರದ ಜಾಲದಲ್ಲಿ ನಮ್ಮ ಹೆಸರು, ಬರಹ, ಬಳಗ ನಮ್ಮ ಜೊತೆಗೇ ಬರುತ್ತವೆ ಎನ್ನುವ ಭರವಸೆ. ಇದು ನಮಗೆ ಬೇಕು. ಈ ಸೀಮೆಗೆ ಹೊಸದೂ ಅಲ್ಲ. ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮ ಅಮೃತಾಪುರ, ಜಾವಗಲ್ಲು, ನುಗ್ಗೇಹಳ್ಳಿ, ಸೋಮನಾಥಪುರಗಳಲ್ಲಿ ತನ್ನ ಕೆಲಸದ ಕೆಳಗೆ ತನ್ನದೇ ಹೆಸರು ಕೊರೆದ. ಗುಡಿ ಕಟ್ಟಿಸಿದವರು ಬೇರೆಬೇರೆ, ಹೆಸರು ಮಾತ್ರ ಅವನದು.

ಆದರೆ ಭರವಸೆಯನ್ನು ಬಿಚ್ಚಿ ನೋಡಬೇಕು. ಇಂಥ ಜಾಲಗಳಲ್ಲೊಂದಾದ ಮಾಸ್ಟೊಡಾನ್‌ನಲ್ಲಿ ಒಂದು ಸರ್ವರ್ ಬಿಟ್ಟು ಇನ್ನೊಂದಕ್ಕೆ ಹೋದರೆ ಹಿಂಬಾಲಕರು ಬರುತ್ತಾರೆ, ಹಳೆಯ ಬರಹ ಬರುವುದಿಲ್ಲ. ಹಳೆಯ ಸರ್ವರ್ ಹೇಳದೆಕೇಳದೆ ನಿಂತುಹೋದರೆ ಹಿಂಬಾಲಕರೂ ಬರುವುದಿಲ್ಲ. ಇನ್ನೊಂದು ಜಾಲ ಬ್ಲೂಸ್ಕೈನಲ್ಲಿ ಸ್ವಂತ ಡೊಮೇನನ್ನೇ (ವೆಬ್ ವಿಳಾಸವನ್ನೇ) ಹೆಸರಾಗಿ ಇಟ್ಟುಕೊಳ್ಳಬಹುದು, ಅದು ದೊಡ್ಡ ಅನುಕೂಲ. ಆದರೂ ಬಹುಪಾಲು ಖಾತೆಗಳ ಒಡೆತನ ಸಾಬೀತುಪಡಿಸುವ ಡಿಜಿಟಲ್ ಕೀಲಿ ಇರುವುದು ಕಂಪನಿಯ ಸರ್ವರ್‌ನಲ್ಲೇ. ಕೀಲಿಯನ್ನು ಪೂರ್ತಿ ನಾವೇ ಇಟ್ಟುಕೊಂಡರೆ ಇನ್ನೊಂದು ಆತಂಕ: ಕಳೆದುಹೋದ ದಿನ ‘ಪಾಸ್‌ವರ್ಡ್ ಮರೆತಿದ್ದೀರಾ’ ಎಂದು ಕೇಳುವವರಿರುವುದಿಲ್ಲ. ಒಂದೇ ಗುರುತಿನಲ್ಲಿ ವ್ಯಾಪಾರ, ರಾಜಕೀಯ, ಮನೆಯ ಮಾತು ಎಲ್ಲ ಸೇರಿದರೆ ಯಾರು ಬೇಕಾದರೂ ಒಬ್ಬನ ಬದುಕನ್ನು ಪೋಣಿಸಿ ಓದಬಹುದು. ಹಾಗಾಗಿ ದುಡಿಮೆಗೊಂದು, ಮನೆಗೊಂದು ಗುರುತು ಇರಲಿ.

ಸಾಮಾನ್ಯರ ಪಾಲಿಗೆ ಸದ್ಯದ ಗುರುತು ಮೊಬೈಲ್ ನಂಬರೇ. 2011ರಿಂದ ದೇಶದಾದ್ಯಂತ ಅದನ್ನು ಕಂಪನಿಯಿಂದ ಕಂಪನಿಗೆ ಒಯ್ಯಬಹುದು. ಆದರೆ ರದ್ದಾದ ನಂಬರು 90 ದಿನಗಳ ನಂತರ ಇನ್ನೊಬ್ಬರ ಕೈಸೇರಬಹುದು. ಅದಕ್ಕೆ ಕಟ್ಟಿಹಾಕಿದ ಖಾತೆಗಳ ಗತಿ ಯೋಚಿಸಿ.

ಕಾನೂನೂ ಇಲ್ಲಿ ಹಿಂದೆ ಸರಿದಿದೆ. 2019ರ ವೈಯಕ್ತಿಕ ದತ್ತಾಂಶ ಮಸೂದೆಯಲ್ಲಿ ನಮ್ಮ ಮಾಹಿತಿಯನ್ನು ಬೇರೆಡೆಗೆ ಒಯ್ಯುವ ಹಕ್ಕಿತ್ತು. 2023ರ ಕಾಯ್ದೆಯಲ್ಲಿ ಅದಿಲ್ಲ. ಯುರೋಪಿನವರಿಗೆ 2018ರಿಂದಲೇ ಇದೆ. ಹಾಸನದಿಂದ ಸಂಸತ್ತಿಗೆ ಹೋದವರು ಆ ಹಕ್ಕನ್ನು ಮರಳಿ ಕೇಳಬೇಕು. ಅಷ್ಟರಲ್ಲಿ ಗೈಡುಗಳೂ ಹೋಮ್‌ಸ್ಟೇಯವರೂ ಕೂಡಿ ಸ್ವಂತ ಡೊಮೇನ್ ಪಡೆಯಲಿ, ಕನ್ನಡದ ‘.ಭಾರತ’ವೂ ಸಿಗುತ್ತದೆ. ಅದನ್ನು ವೆಬ್‌ಸೈಟ್ ಮಾಡಿಕೊಡುವ ಹುಡುಗನ ಹೆಸರಿಗಲ್ಲ, ತಮ್ಮ ಹೆಸರಿಗೇ ಮಾಡಿಸಿಕೊಳ್ಳಲಿ.