ರೂಟರ್ ಬಾಯಿ ಕಟ್ಟಿ, ರಾತ್ರಿ ಪಾಳಿಯವರಿಗೆ ಬರೆ

ನೆಟ್‌ವರ್ಕ್ ಬಿದ್ದ ಮರುದಿನದ ಮೀಟಿಂಗಿನಲ್ಲಿ ಮೊದಲು ಹುಡುಕೋದು ರಾತ್ರಿ ಶಿಫ್ಟಿನಲ್ಲಿ ಯಾರಿದ್ದರು ಅಂತ. ರೂಟರನ್ನೇ ಕೇಳೋಣ ಅಂದ್ರೆ ಅದರ ಲಾಗಿಂಗನ್ನು ಯಾರೂ ಸರಿಯಾಗಿ ಸೆಟ್ ಮಾಡಿರೋದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ಲಾಗ್ ತಾನಾಗೇ ಬೀಳುತ್ತಲ್ಲ, ಅದಕ್ಕೇನು ಸೆಟ್ಟಿಂಗು?" ಅನ್ನೋರಿಗೆ ಒಂದು ಸಣ್ಣ ಲೆಕ್ಕ. ಸಿಸ್ಕೊದ ಹಲವು ಹಳೆಯ ರೂಟರ್‌ಗಳಲ್ಲಿ ಲಾಗ್ ಬಫರ್ ಬರೀ 4096 ಬೈಟ್. ಒಂದು ಸಾಲು ಸುಮಾರು 90 ಅಕ್ಷರ ಅಂದುಕೊಂಡರೆ 45 ಸಾಲು. ಲಿಂಕ್ ಒಮ್ಮೆ ಬಿದ್ದು ಎದ್ದರೆ ನಾಲ್ಕು ಸಾಲು. ಹನ್ನೆರಡು ಸಲ ಹೀಗಾದರೆ ಮೊದಲ ಸಲ ಏನಾಯ್ತು ಅನ್ನೋ ದಾಖಲೆ ಅಳಿಸಿಹೋಯ್ತು. ಇಷ್ಟರ ಮೇಲೆ ಯಾರೋ ಪುಣ್ಯಾತ್ಮರು ರೀಬೂಟ್ ಮಾಡಿದರೆ ಉಳಿದದ್ದೂ ಹೋಯ್ತು.

ಹಾಗಾಗಿ ಬಫರ್ ದೊಡ್ಡದು ಮಾಡಿ, ಜೊತೆಗೆ ಲಾಗನ್ನು ಹೊರಗಿನ ಸಿಸ್‌ಲಾಗ್ ಸರ್ವರಿಗೂ ಕಳಿಸಿ. ಎರಡೂ ಬೇಕು. ಸಾಮಾನ್ಯವಾಗಿ ಸಿಸ್‌ಲಾಗ್ ಹೋಗೋದು ಯುಡಿಪಿ 514ರಲ್ಲಿ. ತಲುಪಿತೋ ಇಲ್ಲವೋ ಅಂತ ಅದು ತಿರುಗಿ ನೋಡಲ್ಲ. ಸರ್ವರಿಗೆ ಹೋಗುವ ದಾರಿಯೇ ಬಿದ್ದಾಗ ಬಫರ್ ಒಂದೇ ಗತಿ.

ಇನ್ನು "ಗಲಾಟೆ ಜಾಸ್ತಿ, ವಾರ್ನಿಂಗ್ ಮಟ್ಟಕ್ಕೇ ನಿಲ್ಲಿಸಿ" ಅನ್ನುವ ಸೀನಿಯರ್‌ಗಳು. ಸಿಸ್‌ಲಾಗಿನ ತೀವ್ರತೆ 0ರಿಂದ 7ರವರೆಗೆ. ಅಂಕಿ ಚಿಕ್ಕದಾದಷ್ಟೂ ಗಂಭೀರ. ವಾರ್ನಿಂಗ್ 4. ಆದರೆ ಸಿಸ್ಕೊ ರೂಟರಿನಲ್ಲಿ ಯಾರಾದರೂ ಕಾನ್ಫಿಗರೇಶನ್‌ಗೆ ಕೈ ಹಾಕಿದರೆ ಬರುವ ಸಂದೇಶ 5ನೇ ಮಟ್ಟದ್ದು! ಅಂದ್ರೆ ಸದ್ದು ಕಡಿಮೆ ಮಾಡುವ ನೆಪದಲ್ಲಿ ಕೈ ಹಾಕಿದವರ ಗುರುತನ್ನೇ ಅಳಿಸಿದಂತಾಯ್ತು. ಸರ್ವರಿಗೆ 6ರವರೆಗೂ ಹೋಗಲಿ. ಗಲಾಟೆ ಅನ್ನಿಸಿದರೆ ಅಲರ್ಟನ್ನು ಅಲ್ಲಿ ಸೋಸಿ. ಕಡಿಮೆ ಮಾಡಬೇಕಾದದ್ದು ಕನ್ಸೋಲಿನದ್ದು. ಆ ನಿಧಾನದ ದಾರಿಯಲ್ಲಿ ಡಿಬಗ್ ಸಂದೇಶಗಳ ಪ್ರವಾಹ ಬಿಟ್ಟರೆ ರೂಟರೇ ಏದುಸಿರು ಬಿಡುತ್ತೆ. ಇಡೀ ಟೀಮಿಗೆ ಒಂದೇ "ಅಡ್ಮಿನ್" ಲಾಗಿನ್ ಇದ್ದರಂತೂ ಈ ಶ್ರಮವೆಲ್ಲ ದಂಡ. ಲಾಗಿನಲ್ಲಿ ಸಿಗೋದು ಅಡ್ಮಿನ್ ಎಂಬ ದೆವ್ವ ಮಾತ್ರ.

ಗಡಿಯಾರದ ಕತೆ ಬೇರೆ. ಎನ್‌ಟಿಪಿ ಇಲ್ಲದ ರೂಟರ್ ಆನ್ ಆದಾಗ ಲಾಗಿನ ತಲೆಯ ಮೇಲೆ ನಕ್ಷತ್ರ ಚಿಹ್ನೆ ಹಾಕಿ "ಮಾರ್ಚ್ 1" ಅನ್ನೋದನ್ನು ನಮ್ಮಲ್ಲಿ ಅನೇಕರು ನೋಡಿದ್ದೀವಿ. ಈ ಟೈಮನ್ನು ನಂಬಬೇಡಿ ಅಂತ ರೂಟರೇ ಹೇಳ್ತಿದೆ. ಟೈಮೇ ಗೊತ್ತಿಲ್ಲದ ಸಾಕ್ಷಿಯನ್ನು ಯಾವ ಪಂಚಾಯ್ತಿ ಒಪ್ಪುತ್ತೆ?

ಇದು ಇಂಜಿನಿಯರ್‌ಗಳ ಚಪಲವೂ ಅಲ್ಲ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ಸಿಸ್ಟಮ್‌ಗಳ ಲಾಗನ್ನು 180 ದಿನ ಇಟ್ಟುಕೊಳ್ಳಬೇಕು, ಗಡಿಯಾರಗಳನ್ನು ಎನ್‌ಟಿಪಿಗೆ ಹೊಂದಿಸಬೇಕು, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. 45 ಸಾಲಿನ ಬಫರ್ ಇಟ್ಟುಕೊಂಡು ಏನಂತ ತಿಳಿಸ್ತೀರಿ?

ಸ್ಟೋರೇಜ್ ಖರ್ಚು ಅಂತೀರಾ? ಲಾಗ್ ಅಂದ್ರೆ ಬರೀ ಅಕ್ಷರ ಸ್ವಾಮಿ, ಸಿನಿಮಾ ಅಲ್ಲ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋದಕ್ಕಿಂತ ಇದು ಅಗ್ಗ. ಮುಂದಿನ ಸಲ ಮೀಟಿಂಗಿನಲ್ಲಿ ಹೆಸರು ಕೇಳೋಕೆ ಮುಂಚೆ ಲಾಗ್ ತೋರಿಸಿ. ತೋರಿಸೋಕೆ ಆಗದಿದ್ರೆ, ಅದನ್ನು ಸೆಟ್ ಮಾಡಲು ಟೈಮ್ ಕೊಡದವರ ಹೆಸರನ್ನೇ ಮೊದಲು ಬರೆದುಕೊಳ್ಳಿ.