ಮನ್ನಾ ಅಂದರೆ ಭಿಕ್ಷೆಯಲ್ಲ

ಹಾಸ್ಟೆಲ್ ಗೆಳೆಯರೇ,

ಓದಿನ ಸಾಲ ಮನ್ನಾ ಮಾಡಿ ಅಂತ ನಾವು ಕೇಳಿದಾಗಲೆಲ್ಲ ಒಂದೇ ಮಾತು ಎದುರಾಗುತ್ತದೆ: 'ತಗೊಂಡವರು ತೀರಿಸಬೇಕಪ್ಪ. ಹೊಟ್ಟೆ ಬಟ್ಟೆ ಕಟ್ಟಿ ತೀರಿಸಿದವರಿಗೆ ಇದು ಅನ್ಯಾಯವಲ್ಲವೆ?' ಪ್ರಶ್ನೆ ಸರಿಯಾದದ್ದೇ. ಉತ್ತರ ಕೊಡೋಣ.

ನಮ್ಮ ತಾತ ಮುತ್ತಾತಂದಿರು ಪುಡಿಗಾಸಿನ ಸಾಲಕ್ಕೆ ಒಡೆಯರ ಮನೆಯಲ್ಲಿ ಜೀತ ಮಾಡಿದರು. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಜೀತವನ್ನಷ್ಟೇ ಅಲ್ಲ, ಆ ಸಾಲವನ್ನೂ ಅಳಿಸಿಹಾಕಿತು. ಅದೇ ವರ್ಷ ದೇವರಾಜ ಅರಸು ಸರ್ಕಾರದ ಋಣ ಪರಿಹಾರ ಕಾಯ್ದೆ ಸಣ್ಣ ರೈತರನ್ನೂ ಭೂಹೀನ ಕೂಲಿಗಳನ್ನೂ ಸಾಲದಿಂದ ಬಿಡಿಸಿತು. ಅದಕ್ಕೆ ಮೊದಲೇ ಜೀತದಲ್ಲಿ ಸವೆದು ಸತ್ತವರಿಗೆ ಇದರಿಂದ ಅನ್ಯಾಯವಾಯಿತೆ? ಅನ್ಯಾಯ ಆಗಿದ್ದು ಜೀತದಿಂದ, ಬಿಡುಗಡೆಯಿಂದಲ್ಲ.

2018ರಲ್ಲಿ ಕುಮಾರಸ್ವಾಮಿ ಸರ್ಕಾರ ಎರಡು ಲಕ್ಷದವರೆಗಿನ ಬೆಳೆಸಾಲ ಮನ್ನಾ ಸಾರಿತು. ಸಂತೋಷ. ಆದರೆ ಪಹಣಿಯೇ ಇಲ್ಲದವನಿಗೆ ಬೆಳೆಸಾಲ ಎಲ್ಲಿಂದ, ಮನ್ನಾ ಎಲ್ಲಿಂದ? ಭೂಮಿ ಇಲ್ಲದವನ ಬೆಳೆ ಅಂದರೆ ಮಕ್ಕಳ ಓದು. ಆ ಬೆಳೆ ಒಣಗಿದರೆ ಕೇಳೋರಿಲ್ಲ.

ಬಡವರ ಮಕ್ಕಳು ಓದುವ ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ 2009ರಿಂದ ಇದೆ. ಅದೂ ಆಯ್ದ ಕೋರ್ಸುಗಳಿಗೆ. ಓದು ಮುಗಿದು ಒಂದು ವರ್ಷವಾದರೆ ಕಂತು ಶುರು. ಎಲೆಕ್ಟ್ರಾನಿಕ್ಸ್ ಸಿಟಿಯನ್ನು 1978ರಲ್ಲಿ ಕಟ್ಟಲು ಹೊರಟದ್ದು ಸರ್ಕಾರದ್ದೇ ಸಂಸ್ಥೆ ಕಿಯೋನಿಕ್ಸ್. ಇವತ್ತು ಅಲ್ಲಿನ ಖಾಸಗಿ ಕಂಪನಿಗಳಲ್ಲಿ ನಮಗೆ ಮೀಸಲಾತಿ ಇಲ್ಲ. ಬಿ.ಇ. ಓದಿದ ಹುಡುಗ ಸೆಕ್ಯುರಿಟಿ ಡ್ರೆಸ್ ಹಾಕಿ ಗೇಟಿನಲ್ಲಿ ನಿಂತರೂ ಕಂತು ಮಾತ್ರ ಇಂಜಿನಿಯರ್ ಸಂಬಳದ್ದೇ!

ಇನ್ನೊಬ್ಬಳಿದ್ದಾಳೆ. ಅಣ್ಣನ ಫೀಜಿಗೆ ಅಂತ ಓದು ಬಿಟ್ಟು ಪೀಣ್ಯದ ಗಾರ್ಮೆಂಟ್ಸಿಗೆ ಹೋದ ತಂಗಿ. ಅವಳ ಹೆಸರಿನಲ್ಲಿ ಸಾಲವೇ ಇಲ್ಲ. ಮನ್ನಾ ಆದರೆ ಅವಳಿಗೇನು ಸಿಕ್ಕಿತು? ಉಳ್ಳವರ ಆಕ್ಷೇಪಕ್ಕಿಂತ ಈ ಪ್ರಶ್ನೆ ನಮ್ಮನ್ನು ಚುಚ್ಚಬೇಕು. ಬರೀ ಮನ್ನಾ ಕೇಳಿದರೆ ಅರ್ಧ ನ್ಯಾಯ.

ಆದ್ದರಿಂದ ಕೆಲಸ ಸಿಗದವರ, ಸಿಕ್ಕರೂ ಹೊಟ್ಟೆಗೆ ಸಾಲದವರ ಸಾಲ ಮನ್ನಾ ಆಗಲಿ. ಜೊತೆಗೇ ಸ್ಕಾಲರ್‌ಶಿಪ್ ಹೊತ್ತಿಗೆ ಸರಿಯಾಗಿ ಬರಲಿ. ಹಾಸ್ಟೆಲ್ ಸೀಟು ಹೆಚ್ಚಲಿ. ಓದು ಬಿಟ್ಟು ದುಡಿಯುವವರಿಗೆ ಫೀಜಿಲ್ಲದ ಸಂಜೆ ಕಾಲೇಜು ಬಾಗಿಲು ತೆರೆಯಲಿ. ಸಾಲ ಮಾಡದೆ ಓದುವಂತಾಗಲಿ.

ನೌಕರಿ ಸಿಕ್ಕ ಗೆಳೆಯರಿಗೂ ಒಂದು ಮಾತು. ಬ್ಯಾಂಕಿನ ಸಾಲ ತೀರಿದ ಮೇಲೂ ಆ ತಂಗಿಯ ಸಾಲ ನಿಮ್ಮ ಮೇಲಿದೆ. ಅದನ್ನು ಯಾವ ಸರ್ಕಾರವೂ ಮನ್ನಾ ಮಾಡಲಾರದು.

ಜೈ ಭೀಮ್.