ಕ್ಲಚ್ಚು ನಮ್ಮದು, ಗುಟ್ಟು ಮಾತ್ರ ಅವರದ್ದಾ?

"ಟ್ರ್ಯಾಕ್ಟರಿನ ಕ್ಲಚ್ಚು ಮನೆಯಲ್ಲೇ ಬದಲಾಯಿಸುವುದಾ? ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೆ?"

ಕಳೆದ ಜುಲೈಯಲ್ಲಿ ಬಿಜೈಯ ನಮ್ಮ ಕಂಪೌಂಡಿಗೆ ತಮ್ಮನ ಮಿನಿ ಟ್ರ್ಯಾಕ್ಟರ್ ಪಿಕಪ್ಪಿನಿಂದ ಇಳಿದಾಗ ಪಕ್ಕದ ಮನೆಯವರು ಕೇಳಿದ್ದು. ಅವರ ತಪ್ಪಲ್ಲ ಬಿಡಿ. ಕೆಎಸ್ಸಾರ್ಟಿಸಿ ಬಸ್ ಸ್ಟ್ಯಾಂಡಿನ ಹತ್ತಿರ, ಫ್ಲ್ಯಾಟುಗಳ ನಡುವೆ ಟ್ರ್ಯಾಕ್ಟರ್ ಕಂಡರೆ ಯಾರಿಗೂ ಹಾಗೆ ಅನಿಸುತ್ತದೆ. ನನಗೆ ಸಿಟ್ಟು ಬಂದದ್ದು ಅದೇ ಮಾತನ್ನು ವರ್ಕ್‌ಶಾಪಿನವರು ಹೇಳಿದಾಗ. "ಅದೆಲ್ಲ ನಿಮಗೆ ಆಗುವ ಕೆಲಸ ಅಲ್ಲ ಸಾರ್, ಸರದಿಯಲ್ಲಿ ನಿಲ್ಲಿಸಿ, ಮೂರು ವಾರ ಆಗ್ತದೆ."

ಮೂರು ವಾರ! ತಮ್ಮನ ತೋಟ ವಿಟ್ಲದ ಕಡೆ. ಅಡಿಕೆಗೆ ಮಳೆ ಹಿಡಿಯುವ ಮೊದಲು ಒಮ್ಮೆ, ಅದಾಗಿ ನಲವತ್ತು-ನಲವತ್ತೈದು ದಿನಕ್ಕೆ ಇನ್ನೊಮ್ಮೆ ಬೋರ್ಡೋ ಬಿಡಬೇಕು. ಎರಡನೆಯದು ತಪ್ಪಿದರೆ ಕೊಳೆರೋಗ ಕಾಯುತ್ತಾ ಕೂರುವುದಿಲ್ಲ, ಕಾಯಿ ಕೆಳಗೆ ಉದುರುತ್ತದೆ. ಮದ್ದಿನ ಪಂಪು ಓಡುವುದು ಇದೇ ಟ್ರ್ಯಾಕ್ಟರಿನ ಪಿಟಿಒದಿಂದ. ಟ್ರ್ಯಾಕ್ಟರೋ, ಇಂಜಿನ್ ಬೊಬ್ಬೆ ಹೊಡೆಯುತ್ತದೆ, ಚಕ್ರ ಅಲ್ಲಾಡುವುದಿಲ್ಲ. ಕ್ಲಚ್ ಜಾರುತ್ತಿತ್ತು.

ತಮಾಷೆ ಏನು ಗೊತ್ತಾ? ಇದೇ ಕ್ಲಚ್ಚನ್ನು ಎರಡು ವರ್ಷದ ಹಿಂದೆ ಬದಲಾಯಿಸಿ ಆಗಿತ್ತು. ಅಧಿಕೃತ ಕೈಗಳಿಂದಲೇ, ಬಿಲ್ಲಿನ ಸಮೇತ.

ತೋಟದ ಕೆಸರಿನಲ್ಲಿ ಜ್ಯಾಕ್ ನಿಲ್ಲುವುದಿಲ್ಲ. ನಮ್ಮಲ್ಲಿ ಸಿಮೆಂಟ್ ನೆಲದ ಶೆಡ್ಡು ಉಂಟು, ಲೇತ್ ಅಂಗಡಿ ಹತ್ತಿರ. ಜೊತೆಗೆ ಪರಿಚಯದ ಒಬ್ಬರು ನಿವೃತ್ತ ಬಸ್ ಮೆಕ್ಯಾನಿಕ್. ಯೂಟ್ಯೂಬ್ ನೋಡಿಕೊಂಡು ಒಬ್ಬನೇ ಕೈ ಹಾಕಿದೆ ಅಂತ ಕೊಚ್ಚಿಕೊಳ್ಳಲು ಹೊರಟಿಲ್ಲ. ಆ ಹಿರಿಯರು ಇಲ್ಲದಿದ್ದರೆ ನಾನು ಈ ಬರಹ ಬರೆಯಲು ಇರುತ್ತಿದ್ದೆನೋ ಇಲ್ಲವೋ.

ಯಾಕೆ ಅಂದರೆ ಟ್ರ್ಯಾಕ್ಟರಿಗೆ ಕಾರಿನ ಹಾಗೆ ಬೇರೆ ಚಾಸಿ ಇಲ್ಲ. ಇಂಜಿನ್ನು, ಗೇರ್‌ಬಾಕ್ಸು ಇವೇ ಅದರ ಬೆನ್ನೆಲುಬು. ಕ್ಲಚ್ ಇರುವುದು ಇವೆರಡರ ನಡುವೆ. ಅಂದರೆ ಗಾಡಿಯನ್ನು ನಡು ಮುರಿದ ಹಾಗೆ ಎರಡು ತುಂಡು ಮಾಡಬೇಕು. ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ತೂಗುತ್ತಿರುತ್ತದೆ. ಹಿಂಭಾಗ ಬಿಟ್ಟ ಕೂಡಲೇ ಇಂಜಿನ್ ಮಗ್ಗುಲಿಗೆ ಉರುಳಬಹುದು. ಹಿರಿಯರು ಸ್ಪ್ಯಾನರ್ ಮುಟ್ಟುವ ಮೊದಲು ಆಕ್ಸಲಿನ ಎರಡೂ ಕಡೆ ಮರದ ಬೆಣೆ ಬಡಿದರು. ಈ ಒಂದು ಬೆಣೆಯ ಮಾತು ನಮ್ಮ ಕೈಯಲ್ಲಿದ್ದ ಪುಸ್ತಕದಲ್ಲಿ ಇಲ್ಲ! ಅದರಲ್ಲಿ ಪೆಡಲಿನ ಸಡಿಲ ಹೇಗೆ ಸರಿಮಾಡುವುದು ಅಂತ ಉಂಟು, ಅದೂ ಇಂಗ್ಲಿಷಿನಲ್ಲಿ. ಮುಂದಕ್ಕೆ "ಡೀಲರನ್ನು ಸಂಪರ್ಕಿಸಿ". ಜೀವ ಉಳಿಸುವ ವಿಷಯವನ್ನು ಗುಟ್ಟು ಮಾಡಿ ಇಟ್ಟುಕೊಂಡು, ಆಮೇಲೆ "ಮನೆಯಲ್ಲಿ ಮಾಡಬೇಡಿ, ಅಪಾಯ" ಅನ್ನುವುದು ಯಾವ ನ್ಯಾಯ?

ಬೆಲ್ ಹೌಸಿಂಗ್ ಬಿಚ್ಚಿದರೆ ಒಳಗೆಲ್ಲ ಎಣ್ಣೆ. ಕ್ರ್ಯಾಂಕಿನ ಹಿಂದಿನ ಸೀಲು ಒಣಗಿ ಬಿರಿದಿತ್ತು. ಎಣ್ಣೆ ಕುಡಿದ ಪ್ಲೇಟು ಹಿಡಿಯುವುದು ಹೇಗೆ? ಹೋದ ಸಲ ಪ್ಲೇಟು ಹೊಸದು ಹಾಕಿದವರು, ಗಾಡಿ ಎರಡು ತುಂಡಾಗಿ ಕಣ್ಣೆದುರು ಇದ್ದಾಗಲೂ, ಕೆಲವೇ ನೂರು ರೂಪಾಯಿಯ ಆ ಸೀಲನ್ನು ಮುಟ್ಟಿರಲಿಲ್ಲ. ಹಿರಿಯರು ಏನೂ ಹೇಳಲಿಲ್ಲ, ಸೀಲನ್ನು ಕಿತ್ತು ನನ್ನ ಕೈಗೆ ಕೊಟ್ಟರು ಅಷ್ಟೆ.

ತಮ್ಮನ ತಪ್ಪೂ ಇತ್ತು, ಮುಚ್ಚಿಡುವುದು ಬೇಡ. ಪೆಡಲಿನ ಮೇಲೆ ಸದಾ ಕಾಲಿಟ್ಟು ಓಡಿಸುತ್ತಾನೆ. ಅದರಿಂದ ರಿಲೀಸ್ ಬೇರಿಂಗ್ ತಿರುಗಿ ತಿರುಗಿ ಕಿರುಚುತ್ತಿತ್ತು. ಅದೂ ಹೊಸದು ಹಾಕಿದೆವು. ಫ್ಲೈವೀಲ್ ಲೇತಿಗೆ ಹೋಗಿ ಬಂತು. ಧೂಳನ್ನು ಗಾಳಿ ಹೊಡೆದು ಹಾರಿಸಲು ಹೊರಟ ನನಗೆ ಬೈಗುಳ ಬಿತ್ತು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸು ಅಂದರು. ಪ್ಲೇಟನ್ನು ನಡುವಿಗೆ ಕೂರಿಸಲು ಆಚಾರಿಯಿಂದ ಕಡೆಸಿದ ಮರದ ಗೂಟ. ಎರಡು ಭಾಗ ಕೂಡಿಸುವಾಗ ಅರ್ಧ ಇಂಚು ಉಳಿಯಿತು. ಬೋಲ್ಟ್ ಬಿಗಿದು ಎಳೆಯೋಣ ಅಂದೆ. ಎಳೆದಿದ್ದರೆ ಪ್ಲೇಟಿನ ಹಬ್ ಡೊಂಕಾಗುತ್ತಿತ್ತಂತೆ, ಹೌಸಿಂಗ್ ಸೀಳುತ್ತಿತ್ತಂತೆ. ಫ್ಲೈವೀಲ್ ತುಸು ತಿರುಗಿಸಿದರು, ಹಲ್ಲಿಗೆ ಹಲ್ಲು ಸಿಕ್ಕಿ ತಾನಾಗಿ ಕೂತಿತು.

ಈಗ ಜಗಳದ ಮಾತು. ಅಮೆರಿಕಾದ ಕೊಲರಾಡೋದಲ್ಲಿ ಟ್ರ್ಯಾಕ್ಟರ್ ಕಂಪೆನಿಗಳು ರೈತನಿಗೆ ಮ್ಯಾನ್ಯುವಲ್, ಬಿಡಿಭಾಗ, ಸಾಫ್ಟ್‌ವೇರ್ ಕೊಡಲೇಬೇಕು ಅಂತ 2023ರಲ್ಲಿ ಕಾನೂನಾಯಿತು, 2024ರ ಜನವರಿ 1ರಿಂದ ಜಾರಿ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿಗೆ ಸಮಿತಿ ಮಾಡಿತು, ಕೃಷಿ ಯಂತ್ರಗಳನ್ನೂ ಸೇರಿಸಿತು. ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಬಂತು. ಒಳ್ಳೆಯದೇ. ಆದರೆ ಪೋರ್ಟಲ್ ಕಾನೂನಲ್ಲ, ಮತ್ತೆ ವಿಟ್ಲದ ತೋಟದಲ್ಲಿ ನಿಂತವನಿಗೆ ಬೇಕಾದ್ದು ಕನ್ನಡದಲ್ಲಿ ಬೇಕು. ಕನ್ನಡದಲ್ಲಿ ಜಾಹೀರಾತು ಹಾಕಿ ಟ್ರ್ಯಾಕ್ಟರ್ ಮಾರಲು ಬರುತ್ತದೆ, ಅದನ್ನು ಬಿಚ್ಚುವುದು ಹೇಗೆ ಅಂತ ಕನ್ನಡದಲ್ಲಿ ಹೇಳಲು ಬರುವುದಿಲ್ಲವಾ?

ನಮಗೂ ಒಂದು ಮಾತು ಉಂಟು, ಬೇಜಾರು ಮಾಡಿಕೊಳ್ಳಬೇಡಿ. ನಾವು ಬರೆಯುವವರು ಮಳೆ, ಮಲ್ಲಿಗೆ, ಬಾಲ್ಯ ಅಂತ ಎಷ್ಟು ಬರೆದಿಲ್ಲ! (ನಾನೂ ಬರೆದಿದ್ದೇನೆ.) 1988ರಲ್ಲಿ ಪುತ್ತೂರಿನ ಕಡೆಯ ಕೃಷಿಕರು ಸೇರಿ 'ಅಡಿಕೆ ಪತ್ರಿಕೆ' ಶುರು ಮಾಡಿ ಕೃಷಿಕನ ಕೈಗೇ ಪೆನ್ನು ಕೊಟ್ಟರು. ಯಂತ್ರದ ವಿಷಯದಲ್ಲಿ ಆ ಪೆನ್ನು ನಾವು ಯಾಕೆ ಹಿಡಿಯಬಾರದು? ಪ್ರೆಷರ್ ಪ್ಲೇಟಿಗೆ "ಒತ್ತಡ ಫಲಕ" ಅಂತೆಲ್ಲ ಅನುವಾದ ದಯವಿಟ್ಟು ಬೇಡ. ಪ್ರೆಷರ್ ಪ್ಲೇಟ್ ಅಂತಲೇ ಇರಲಿ, ಬೆಣೆ ಎಲ್ಲಿ ಬಡಿಯಬೇಕು ಅಂತ ಮಾತ್ರ ಸರಿಯಾಗಿ ಬರೆಯಿರಿ. ಹಿರಿಯರು ಹೇಳಿದ್ದನ್ನೆಲ್ಲ ನಾನು ಹಳೇ ಡೈರಿಯಲ್ಲಿ ಚಿತ್ರ ಸಮೇತ ಬರೆದಿಟ್ಟಿದ್ದೇನೆ. ಸ್ವಲ್ಪ ಸ್ವಲ್ಪವೇ ಟೈಪ್ ಮಾಡಿ ಹಾಕುತ್ತೇನೆ.

ಅಂದ ಹಾಗೆ, ವರ್ಕ್‌ಶಾಪಿನಿಂದ ಆಮೇಲೆ ಫೋನ್ ಬಂದಿತ್ತು. "ನಿಮ್ಮ ಸರದಿ ಬಂತು, ಗಾಡಿ ತನ್ನಿ" ಅಂತ. ಆ ಹೊತ್ತಿಗೆ ಎರಡನೇ ಮದ್ದು ಬಿಟ್ಟು ಎಂಟು ದಿನ ಆಗಿತ್ತು.